ಬೂದು ಪ್ರತಿಯಲ್ಲಿ ಮುಚ್ಚಿಹೋದ ಹಾದಿ

ಆರು ವರ್ಷಗಳ ಹಿಂದಿನ ಮಾತು. ಅಥಣಿಯಲ್ಲಿ ನನ್ನ ಸ್ಕ್ಯಾನಿಂಗ್ ಅಂಗಡಿಗೆ ಆಗ ಹದಿನಾಲ್ಕು ವರ್ಷ. ಅಲ್ಲಿಯವರೆಗೆ ಯಾರೂ ನನ್ನ ಕೊರಳಪಟ್ಟಿ ಹಿಡಿದಿರಲಿಲ್ಲ.

ಹತ್ತಿರದ ಸತ್ತಿ ಊರಿನ ಬಾಳಗೌಡರು ಹೊಲ ಪಾಲಾದಾಗ ಬರೆಸಿದ್ದ ನಕಾಶೆ ತಂದರು. ಕೆಂಪು ಗೆರೆಗಳು ಬದು. ಹಸಿರು ಗೆರೆ, ತೀರಿಹೋದ ತಮ್ಮನ ಹೆಂಡತಿ ಸುಶೀಲವ್ವನ ಹೊಲಕ್ಕೆ ಗೌಡರ ಹೊಲದೊಳಗಿಂದ ಹೋಗುವ ಗಾಡಿಹಾದಿ. "ಕಪ್ಪು-ಬಿಳಿ ಸಾಕ್ರಿ, ಹತ್ತು ಪ್ರತಿ" ಎಂದರು. ಬಣ್ಣದ ಸ್ಕ್ಯಾನನ್ನು ಗ್ರೇಸ್ಕೇಲ್ ಮಾಡಿ, ಅದೇ ಫೈಲಿನ ಮೇಲೆ ಸೇವ್ ಒತ್ತಿದೆ; ಬಣ್ಣದ ಫೈಲು ಅಳಿಸಿಹೋಯಿತು. ಪ್ರತಿಗಳಿಗೆ 'ಮೂಲದಂತೆ ಇದೆ' ಎಂಬ ಅಂಗಡಿಯ ಶಿಕ್ಕಾ, ಅಂದರೆ ಮೊಹರು, ಹಾಕಿಕೊಟ್ಟೆ.

ಗ್ರೇಸ್ಕೇಲ್ ಎಂದರೆ ಪ್ರತಿ ಚುಕ್ಕೆಯ ಬಣ್ಣ ತೆಗೆದು, ಸೊನ್ನೆಯಿಂದ 255ರೊಳಗೆ ಬೆಳಕಿನ ಒಂದೇ ಅಂಕಿ ಉಳಿಸುವುದು. ನನ್ನ ಸಾಫ್ಟ್‌ವೇರ್ ಕೆಂಪಿಗೆ ಸುಮಾರು ಶೇಕಡ 30, ಹಸಿರಿಗೆ 59, ನೀಲಿಗೆ 11ರಷ್ಟು ತೂಕ ಕೊಡುತ್ತಿತ್ತು. ಹೀಗಾಗಿ 200 ಅಂಕಿಯ ಬರೀ ಕೆಂಪೂ 102 ಅಂಕಿಯ ಬರೀ ಹಸಿರೂ ಎರಡೂ 60ರ ಬೂದಾಗುತ್ತವೆ. ಪ್ರತಿಯಲ್ಲಿ ಹಾದಿಯೂ ಒಂದು ಬದುವಿನಂತೆಯೇ ಕಂಡಿತು.

ಮೂರು ವಾರದ ಮೇಲೆ ಸುಶೀಲವ್ವ ತಮ್ಮ ಅಣ್ಣನೊಂದಿಗೆ ಅಂಗಡಿಗೆ ನುಗ್ಗಿ ಬಂದರು. "ಗೌಡ್ರು ಹಾದಿಗೆ ಮುಳ್ಳು ಬಡದಾರ. ಕಡದ ಕಬ್ಬು ಹೊಲದಾಗ ಒಣಗಾಕತ್ತೈತಿ. ನಕಾಶೆದಾಗ ಹಾದೀನ ಇಲ್ಲ ಅಂತಾರ!" ಅಣ್ಣ ನನ್ನ ಕೊರಳಪಟ್ಟಿ ಹಿಡಿದ. "ಎಷ್ಟ ತಿಂದಿ ಲೇ?"

ಮೂಲ ನಕಾಶೆ ತನ್ನಿರೆಂದು ಗೌಡರಿಗೆ ಫೋನ್ ಮಾಡಿದೆ. "ಅದು ಹರದು ಒಲೀಗೆ ಹೋತ್ರಿ. ಈಗ ನಿಮ್ಮ ಶಿಕ್ಕಾ ಇದ್ದದ್ದ ಖರೇ" ಎಂದರು. ತಪ್ಪು ನನ್ನದು, ಲಾಭ ಅವರದು. ಮೈ ಉರಿಯಿತು. ಫೋನ್ ಇಡುವಾಗ ನೆನಪಾಯಿತು: ಬಣ್ಣ ತೆಗೆಯುವ ಮೊದಲು, ನೋಡಿ ಹೇಳಲೆಂದು ಅವರಿಗೆ ವಾಟ್ಸಾಪ್‌ನಲ್ಲಿ ಬಣ್ಣದ ಸ್ಕ್ಯಾನ್ ಕಳಿಸಿದ್ದೆ.

ಮರುದಿನ ಸತ್ತಿಯಲ್ಲಿ ಹಿರಿಯರು ಕೂಡಿದರು. ಫೋನಿನಲ್ಲಿ ಅವರಿಗೆ ಹಸಿರು ಗೆರೆ ತೋರಿಸಿದೆ. ಗೌಡರು ನಕ್ಕರು. "ಫೋನಿನಾಗಿನ ಚಿತ್ರ ಯಾರ ಒಪ್ಪತಾರ?"

"ಕೆಳಗ ನಿಮ್ಮ ಉತ್ತರಾನೂ ಐತ್ರಿ ಗೌಡ್ರ," ಎಂದು ಓದಿದೆ. "'ಗೆರಿ ಎಲ್ಲಾ ಬರೋಬರಿ ಅದಾವ.'"

ಹಿರಿಯರು ಅಂದೇ ಮುಳ್ಳು ತೆಗೆಸಿದರು. ಅಷ್ಟರಲ್ಲಿ ಅರ್ಧ ಕಬ್ಬು ಹಾಳಾಗಿತ್ತು. ಗೌಡರು ನನ್ನ ಕಾಲ ಬಳಿ ಉಗುಳಿ ಹೋದರು. ಸುಶೀಲವ್ವನ ಮುಖವೂ ಸಡಿಲಲಿಲ್ಲ. "ನೀವ ಕೆಡಿಸಿದ್ರಿ, ನೀವ ತಿದ್ದಿದ್ರಿ. ಉಪಕಾರ ಅಂತ ನಾ ಅನ್ನಂಗಿಲ್ಲ."

ಅವರ ಮಾತು ನ್ಯಾಯವೇ. ಯಾವ ಗೆರೆ ಯಾರ ಬದುಕು ಎಂದು ಸಾಫ್ಟ್‌ವೇರಿಗೆ ತಿಳಿಯದು, ಕೇಳಬೇಕಾದವನು ನಾನು. ಈಗ ಮೂಲ ಫೈಲನ್ನು ಬೇರೆಯಾಗಿ ಇಡುತ್ತೇನೆ. ಬಣ್ಣ ತೆಗೆಯುವ ಮೊದಲು ಪ್ರತಿ ಬಣ್ಣದ ಅರ್ಥ ಕೇಳುತ್ತೇನೆ. ಕೆಲವರು ಸಿಟ್ಟಾಗಿ ಬೇರೆ ಅಂಗಡಿಗೆ ಹೋಗುತ್ತಾರೆ. ಹೋಗಲಿ.