ಮಸಾಯಿ ಸೀಮೆಯಿಂದ ಬಂದ ಕಾಕಾ

ಆಗ ಸೀಮೆಎಣ್ಣೆ ರೇಶನ್ನಿಗೆ ಸಿಗುತ್ತಿತ್ತು. ಹಾನಗಲ್ಲಿಗೆ ಹೋಗುವ ಮೋಟಾರು ಇದ್ದಿಲಿನ ಹೊಗೆಯ ಮೇಲೆ ಕೆಮ್ಮುತ್ತ ಓಡುತ್ತಿತ್ತು. ಯುದ್ಧವೆಂದರೆ ನಮ್ಮ ಆಡೂರಿನ ಮಕ್ಕಳಿಗೆ ದೊಡ್ಡವರು ಕಟ್ಟೆಯ ಮೇಲೆ ಆಡುವ ಮಾತು, ಅಷ್ಟೆ. ನನಗೆ ಒಂಬತ್ತೋ ಹತ್ತೋ ವರ್ಷವಿದ್ದಿರಬೇಕು. ಆ ಬೇಸಿಗೆಯಲ್ಲಿ ಅಪ್ಪನ ತಮ್ಮ ಬಸಣ್ಣ ಕಾಕಾ ಆಫ್ರಿಕದಿಂದ ಮನೆಗೆ ಬಂದ.

ಮದುವೆಯಾದ ವರ್ಷವೇ ಹುಬ್ಬಳ್ಳಿಗೆ ಹೋಗಿ ದಂಡಿನಲ್ಲಿ ಲಾರಿ ಡ್ರೈವರನಾಗಿ ಸೇರಿದ್ದ. ಅವನ ಹೆಂಡತಿ ಗಂಗವ್ವ ಚಿಗವ್ವ ಇಷ್ಟು ಕಾಲ ನಮ್ಮ ಮನೆಯಲ್ಲೇ ಕಾದಿದ್ದಳು. ದಂಡಿನಿಂದ ಬಿಡುಗಡೆಯಾಗಿ ಬಂದವನು ಇನ್ನು ಒಕ್ಕಲುತನಕ್ಕೆ ಕೈ ಹಚ್ಚುತ್ತಾನೆಂದು ಎಲ್ಲರೂ ತಿಳಿದಿದ್ದರು. ಆದರೆ ಕಾಕಾನಿಗೆ ಕೂತಲ್ಲಿ ಕೂಡಲಾಗುತ್ತಿರಲಿಲ್ಲ. ರೊಟ್ಟಿ, ಪುಂಡಿಪಲ್ಲೆ ಎರಡು ತುತ್ತು ತಿನ್ನುವಷ್ಟರಲ್ಲಿ ಎದ್ದು ಅಂಗಳಕ್ಕೆ ಹೋಗುತ್ತಿದ್ದ. ಮೋಟಾರಿನ ಸದ್ದು ಕೇಳಿದರೆ ರಸ್ತೆಯತನಕ ಹೋಗಿ ನಿಂತು, ಧೂಳು ಅಡಗಿದ ಮೇಲೆ ಮರಳುತ್ತಿದ್ದ. ಅವನ ಬೆನ್ನು ಹತ್ತಿ ಹೋಗಿ ಹೋಗಿ ನನಗೂ ಅದೇ ಚಟ ಅಂಟಿತು. ಗಜ್ಜುಗ ಆಡುತ್ತ ಕೂತವಳು ನಡುವೆಯೇ ಎದ್ದುಬಿಡುತ್ತಿದ್ದೆ. ಗೆಳತಿಯರು ಬೈಯುತ್ತಿದ್ದರು.

ಸಂಜೆ ನಾವಿಬ್ಬರೂ ಗಾಯರಾಣದ ಕಡೆಗೆ ಹೋಗುತ್ತಿದ್ದೆವು. ಊರ ದನ ಮೇಯುವ ಬಯಲು ಅದು. ದನಗಳು ತಿರುಗಿ ಬರುವ ಹೊತ್ತಿಗೆ ಕಾಕಾ ನಡುದಾರಿಯಲ್ಲಿ ನಿಂತು ಮೂಗು ಏರಿಸಿ ಉಸಿರೆಳೆಯುತ್ತಿದ್ದ. ಧೂಳು, ಸಗಣಿ, ಹಾಲು ತುಂಬಿದ ಕೆಚ್ಚಲು, ಎಲ್ಲ ಕೂಡಿದ ವಾಸನೆ.

"ಅಲ್ಲೂ ಇದ ವಾಸನಿ ನೋಡವ್ವಾ," ಎಂದ ಒಂದು ದಿನ.

ಅಲ್ಲಿ ಎಂದರೆ ಎಲ್ಲಿ ಎಂದು ಕೇಳಿದೆ. ಅವನು ದನಗಳ ಹಿಂದೆ ನಡೆದುಬಿಟ್ಟ. ಮರುದಿನ ಮಧ್ಯಾಹ್ನ ನಮ್ಮ ಕಟ್ಟೆಗೆ ನೆರೆಹೊರೆಯವರು ಬಂದು ಕೂತು ಒತ್ತಾಯ ಮಾಡಿದಾಗ ಮಾತ್ರ ಬಾಯಿ ಬಿಟ್ಟ. ಅದೂ ಕೂತು ಅಲ್ಲ, ಕಟ್ಟೆಯ ಮುಂದೆ ಅತ್ತಿಂದಿತ್ತ ನಡೆಯುತ್ತ.

ಬಯಲಿನ ನಡುವೆ ಅವನ ಲಾರಿ ಕೆಟ್ಟು ನಿಂತಿತ್ತಂತೆ. ಜೊತೆಗಾರ ಸಹಾಯ ತರಲು ಹೋದ. ಕಾವಲಿಗೆ ಉಳಿದ ಕಾಕಾನಿಗೆ ಜ್ವರ ಏರಿತು. ಡುಬ್ಬದ ದನ ಹೊಡೆದುಕೊಂಡು ಕೆಂಪು ಬಟ್ಟೆಯ ಎತ್ತರದ ಗಂಡಸರು ಬಂದರು, ಕೈಯಲ್ಲಿ ಈಟಿ. ಮಸಾಯಿ ಮಂದಿ. ಕೊಲ್ಲುತ್ತಾರೆಂದುಕೊಂಡ. ಅವರು ಹೆಗಲು ಕೊಟ್ಟು ತಮ್ಮ ಹಟ್ಟಿಗೆ ಕರೆದೊಯ್ದರು. ಸುತ್ತ ಮುಳ್ಳಿನ ಬೇಲಿ, ಒಳಗೆ ತಗ್ಗು ಮನೆಗಳು, ಗೋಡೆಗೆಲ್ಲ ಹೆಂಗಸರೇ ಮೆತ್ತಿದ ಸಗಣಿ. ಒಬ್ಬ ಮುದುಕಿ ಅವನನ್ನು ತನ್ನ ಮನೆಯಲ್ಲಿ ಮಲಗಿಸಿಕೊಂಡಳು. ಅವಳ ಮಾತು ಇವನಿಗೆ ತಿಳಿಯದು, ಇವನ ಮಾತು ಅವಳಿಗೆ ತಿಳಿಯದು.

ಹಟ್ಟಿಯಿಂದ ದೂರ ಒಂದು ಬೆಟ್ಟ ಇತ್ತು, ಅದರ ತಲೆಯಿಂದ ಹೊಗೆ ಏಳುತ್ತಿತ್ತು. ಅವರ ದೇವರು ಇರುವುದು ಅಲ್ಲೇ. ಆ ಸಲ ಬೆಟ್ಟ ಬೂದಿ ಉಗುಳಿ ಹುಲ್ಲೆಲ್ಲ ಬೆಳ್ಳಗಾಗಿತ್ತು, ದನ ಬಾಯಿ ಹಾಕುತ್ತಿರಲಿಲ್ಲ. ನಮ್ಮ ಅತ್ತಿಯ ಜಾತಿಯ ಒಂದು ದೊಡ್ಡ ಮರದ ಹತ್ತಿರ ಹೆಂಗಸರೆಲ್ಲ ಹಾಡುತ್ತ ಹೋದರು. ಆ ಮರದ ಕಡ್ಡಿಯನ್ನೂ ಯಾರೂ ಮುರಿಯುವುದಿಲ್ಲ. ಬುಡಕ್ಕೆ ಸೋರೆಬುರುಡೆಯಿಂದ ಹಾಲು ಸುರಿದು, ಬೆಟ್ಟದ ಕಡೆಗೆ ಮುಖ ಮಾಡಿ ಬೇಡಿಕೊಂಡರು. ಮುದುಕಿಯ ತೋಳು ಹಿಡಿದುಕೊಂಡು ಕಾಕಾನೂ ಹೋಗಿದ್ದ.

"ಬೂದಿ ನನ್ನ ಹಣಿಮ್ಯಾಲೂ ಬಿತ್ತು, ಆಕಳ ಹಣಿಮ್ಯಾಲೂ ಬಿತ್ತು," ಎಂದ. "ವಿಭೂತಿ ಹಚ್ಚಿದಂಗ. ಬೂಟು ಕಳದು ನಾನೂ ಕೈ ಮುಗದೆ."

ಯಾರೋ ಉಣ್ಣಲು ಏನು ಕೊಟ್ಟರೆಂದು ಕೇಳಿದರು. ಹಾಲು ಎಂದಿದ್ದರೆ ಮುಗಿಯುತ್ತಿತ್ತು. ಕಾಕಾ ನಿಂತ. ನಿತ್ರಾಣವಾದವರಿಗೆ ಅವರು ಹಾಲಿನಲ್ಲಿ ಆಕಳ ರಕ್ತ ಬೆರೆಸಿ ಕೊಡುತ್ತಾರೆ, ತನಗೂ ಕೊಟ್ಟರು ಎಂದ. ಕುತ್ತಿಗೆಯ ನರಕ್ಕೆ ಸಣ್ಣ ಬಾಣ ತಾಗಿಸಿ ಒಂದಿಷ್ಟು ತೆಗೆದು ಗಾಯ ಒತ್ತಿ ಬಿಡುತ್ತಾರೆ, ಆಕಳು ಸಾಯುವುದಿಲ್ಲ, ಮೇಯಲು ಹೋಗುತ್ತದೆ ಎಂದೂ ಹೇಳಿದ. ಆ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಒಬ್ಬೊಬ್ಬರೇ ಎದ್ದು ಹೋದರು. ಬಾಗಿಲ ಹಿಂದೆ ನಿಂತಿದ್ದ ನನ್ನ ಆಯಿ, ಅಪ್ಪನ ಮತ್ತು ಕಾಕಾನ ತಾಯಿ, ಒಳಗೆ ಹೋದಳು.

ಅಂದಿನಿಂದ ಕಾಕಾನ ತಾಟು ದನದ ಕೊಟ್ಟಿಗೆಗೆ ಹೋಯಿತು. ನಾವು ಲಿಂಗವಂತರು, ದೇವರ ಮನೆಗೂ ಅಡಿಗೆ ಮನೆಗೂ ಒಂದೇ ಬಾಗಿಲು.

ಅಪ್ಪ ಮಠದ ಅಜ್ಜಾರನ್ನು ಕರೆತಂದ. ಮೆತ್ತಗಿನ ಮನಸ್ಸಿನ ಹಿರಿಯರು ಅವರು. ಪಾದೋದಕ ಕೊಟ್ಟು ಲಿಂಗಪೂಜೆ ಮಾಡಿಸಿದರೆ ಆಯಿತು, ದೊಡ್ಡ ಮಾತೇನಲ್ಲ ಎಂದು ಮೊದಲೇ ಹೇಳಿಬಿಟ್ಟರು. ಆಮೇಲೆ ಕಾಕಾನನ್ನು ಕೇಳಿದರು.

"ಗೊತ್ತಿಲ್ಲದ ಕುಡದೀಯಲ್ಲಪಾ?"

ಅದು ಪ್ರಶ್ನೆಯಲ್ಲ, ಅವನಿಗಾಗಿ ತೆರೆದಿಟ್ಟ ಬಾಗಿಲು. ನನಗೂ ತಿಳಿಯಿತು. ಚಿಗವ್ವ ಸೆರಗಿನ ಅಂಚು ಹಿಡಿದು ನಿಂತಿದ್ದಳು. ಹೂಂ ಎನ್ನು, ಹೂಂ ಎನ್ನು ಎಂದು ನಾನು ಒಳಗೇ ಒದರುತ್ತಿದ್ದೆ.

"ಮೊದಲನೆ ಸಲ ಗೊತ್ತಿರಲಿಲ್ಲರಿ ಅಜ್ಜಾರ," ಎಂದ ಕಾಕಾ. "ಎರಡನೆ ಸಲ ಗೊತ್ತಿತ್ತು. ಆ ಮುದುಕಿ ತಲಿ ಎತ್ತಿ ಹಿಡದು ಕುಡಿಸಿದ್ಲು. ಪೂಜಿಗೆ ಕೂಡ್ತೇನಿ. ಆದರ ಆಕಿ ಕೊಟ್ಟದ್ದು ಹೊಲಸು ಅಂತ ಅನ್ನಂಗಿಲ್ಲ."

ಅಜ್ಜಾರು ಆಯಿಯ ಮುಖ ನೋಡಿದರು. ಆಯಿ ಆಗದೆಂದು ತಲೆ ಅಲ್ಲಾಡಿಸಿದಳು. ಅವರು ಎದ್ದು ಹೋದರು.

ಉಳಿದ ಬೇಸಿಗೆಯೆಲ್ಲ ಮನೆಯಲ್ಲಿ ಯಾರ ಮನಸ್ಸೂ ನೆಲೆ ನಿಲ್ಲಲಿಲ್ಲ. ಅಪ್ಪ ಕೆಲಸವಿಲ್ಲದಿದ್ದರೂ ಹೊಲಕ್ಕೆ ಹೋಗುತ್ತಿದ್ದ. ಅವ್ವ ಬಡಿದ ರೊಟ್ಟಿ ಹೊತ್ತುತ್ತಿತ್ತು. ಚಿಗವ್ವ ಮೊದಮೊದಲು ಕಾಕಾನ ತಾಟನ್ನು ಕೊಟ್ಟಿಗೆಯಲ್ಲಿಟ್ಟು ಒಳಗೆ ಬರುತ್ತಿದ್ದಳು. ಒಂದು ದಿನ ತನ್ನ ತಾಟನ್ನೂ ಎತ್ತಿಕೊಂಡು ಹೋದಳು. ಆಯಿ ತಡೆಯಲಿಲ್ಲ. ಎತ್ತುಗಳ ನಡುವೆ ಕೂತು ಅವರಿಬ್ಬರೂ ರೊಟ್ಟಿ ಮುರಿಯುವುದನ್ನು ಹೊಸ್ತಿಲಲ್ಲಿ ನಿಂತು ನೋಡಿದೆ. ಕಾಕಾ ಅಂದು ಊಟ ಮುಗಿಯುವತನಕ ಏಳಲಿಲ್ಲ.

"ಮತ್ತ ಹೋಗ್ತೀರೇನು?" ಎಂದು ಅವಳು ಕೇಳಿದಳು.

"ಹೋಗೂಣು. ಈ ಸಲ ನೀನೂ ಬಾ," ಎಂದ.

ಮುಂಗಾರಿನ ಮೊದಲ ಮಳೆಯಾಗುವ ಮುಂಚೆ ಇಬ್ಬರೂ ಹುಬ್ಬಳ್ಳಿಗೆ ಹೋದರು. ಅಲ್ಲಿ ಅವನಿಗೆ ಲಾರಿ ನಡೆಸುವ ಕೆಲಸ ಸಿಕ್ಕಿತ್ತು. ಹೊರಡುವಾಗ ಆಯಿ ಹೊರಗೆ ಬರಲಿಲ್ಲ.

ಅವರು ಹೋದ ಮೇಲೆ ಒಂದು ಮಧ್ಯಾಹ್ನ ಆಯಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ನನ್ನನ್ನು ಹತ್ತಿರ ಕರೆದಳು. ಕಾಕಾ ಕಟ್ಟೆಯ ಮೇಲೆ ಹೇಳಿದ್ದನ್ನೆಲ್ಲ ಮತ್ತೆ ಹೇಳು ಎಂದಳು. ಮರ, ಹಾಲು, ಬೆಟ್ಟ, ಬೂದಿ, ಎಲ್ಲ ಹೇಳಿದೆ. ಘಾಟಿಗೆ ಇಬ್ಬರೂ ಸೀನುತ್ತಿದ್ದೆವು.

"ಆ ಮುದುಕಿಗೆ ಮಕ್ಕಳಿದ್ರೇನು?" ಎಂದು ಆಯಿ ಕೇಳಿದಳು.

ನನಗೆ ಗೊತ್ತಿರಲಿಲ್ಲ. ಹಾಗೆಂದು ಹೇಳಿದೆ.

"ಕೇಳಬೇಕಿತ್ತು," ಎಂದಳು. ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ, ತಿಳಿಯಲಿಲ್ಲ.

ಕಾಕಾ ಮತ್ತೆ ಊರಿಗೆ ಬಂದದ್ದು ಆಯಿ ತೀರಿಕೊಂಡಾಗ. ಮಂದಿ ತುಂಬಿದ ಆ ಮನೆಯಲ್ಲಿ ಅವನನ್ನು ಬೇರೆ ಕರೆದು ಮಾತಾಡಿಸಲಾಗಲಿಲ್ಲ. ಮುಂದೆ ಅವನೂ ಹೋದ, ಚಿಗವ್ವನೂ ಹೋದಳು.

ಈಗ ಗಾಯರಾಣ ಹಂಚಿಹೋಗಿ ಹೊಲವಾಗಿದೆ, ಒಂದು ಅಂಚಿನಲ್ಲಿ ಮನೆಗಳೆದ್ದಿವೆ. ಸಂಜೆ ಊರಿಗೆ ತಿರುಗಿ ಬರುವ ದನ ಇಲ್ಲ, ಅವುಗಳ ವಾಸನೆಯೂ ಇಲ್ಲ. ನಮ್ಮ ಕೊಟ್ಟಿಗೆಗೆ ಅಣ್ಣನ ಮೊಮ್ಮಕ್ಕಳು ಟೈಲ್ಸ್ ಹಾಕಿಸಿ ಟೀವಿ ಇಟ್ಟಿದ್ದಾರೆ. ಹೊರಗೆ ಏನು ತಿಂದು ಬಂದಿರಿ ಎಂದು ಅವರನ್ನು ಯಾರೂ ಕೇಳುವುದಿಲ್ಲ. ಅದು ಒಳ್ಳೆಯದೇ ಆಯಿತು. ಆದರೆ ಒಂದು ಸಣ್ಣ ಸುಳ್ಳು ಹೇಳಿ ಒಳಗೆ ಬಂದು ಉಣ್ಣಬಹುದಾಗಿದ್ದಾಗ, ಹೊರಗೇ ಕೂತು ಉಂಡ ಬೇರೆ ಯಾರನ್ನೂ ಆಮೇಲೆ ನಾನು ಕಂಡಿಲ್ಲ.