ಅಲುಗದ ಎದೆಮೂಳೆ

ಆಸ್ಪತ್ರೆಯಲ್ಲಿ ಆಕೆಯ ನಿಜವಾದ ಹೆಸರು ಸಂಬಳದ ಚೀಟಿಗೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಆಕೆ ಉಸಿರಕ್ಕ. ಹತ್ತೊಂಬತ್ತು ವರ್ಷಗಳಿಂದ ಸಿ.ಟಿ. ಸ್ಕ್ಯಾನ್ ಕೋಣೆಯ ಗಾಜಿನ ಈಚೆ ಕುಳಿತು, ಮೈಕಿನಲ್ಲಿ "ಉಸಿರು ಎಳ್ಕೊಳ್ಳಿ, ಹಾಗೇ ಹಿಡ್ಕೊಳ್ಳಿ" ಎನ್ನುವುದೇ ಅವಳ ಕಸುಬು. ಹೃದಯಕ್ಕೆ ರಕ್ತ ಕೊಡುವ ನಾಳಗಳು ಬೆಂಕಿಕಡ್ಡಿಯಷ್ಟೇ ದಪ್ಪ. ಅವುಗಳೊಳಗೆ ಎಲ್ಲಿ ಕೊಬ್ಬು ಕಟ್ಟಿದೆ ಎಂದು ಕಾಣಬೇಕಾದರೆ ಎದೆಬಡಿತ ಅರವತ್ತರ ಆಸುಪಾಸಿಗೆ ಇಳಿಯಬೇಕು, ಮಲಗಿದವರು ಒಂದಿಷ್ಟೂ ಅಲುಗಬಾರದು. ಬೇರೆಯವರು ಮಾತ್ರೆ ಕೊಟ್ಟು ಇಳಿಸುವುದನ್ನು ಇವಳು ಅರ್ಧ ಮಾತಿನಲ್ಲೇ ಇಳಿಸುತ್ತಿದ್ದಳು. ಒಂದು ಸ್ಕ್ಯಾನನ್ನೂ ಎರಡನೇ ಸಲ ಮಾಡಿದವಳಲ್ಲ. ಆ ಜಂಭ ಅವಳಿಗಿತ್ತು. ಇರಲಿ ಬಿಡಿ, ಅದು ಬಿಟ್ಟರೆ ಬೇರೆ ಆಸ್ತಿ ಏನಿತ್ತು ಪಾಪ.

ಅವಳ ತಮ್ಮ ಬಸ್ ಡ್ರೈವರ್. ಅಮ್ಮ ತೀರಿಕೊಂಡ ಮೇಲೆ ಇವಳೇ ತಲೆ ಬಾಚಿ, ಗದರಿಸಿ, ಉಣ್ಣಿಸಿ ಬೆಳೆಸಿದವನು. ನಲವತ್ತಾರನೇ ವಯಸ್ಸಿಗೆ ಅವನಿಗೆ ಮೆಟ್ಟಿಲು ಹತ್ತುವಾಗ ಎದೆ ಹಿಡಿಯತೊಡಗಿತು. ಸ್ಕ್ಯಾನ್ ಆಗುವ ತನಕ ಸ್ಟಿಯರಿಂಗ್ ಮುಟ್ಟಕೂಡದು ಎಂದು ಕಂಪನಿಯವರು ಮನೆಗೆ ಕಳಿಸಿದರು. ಬೇರೆ ಯಾರೂ ಬೇಡ, ಅಕ್ಕನೇ ಮಾಡಲಿ ಎಂದು ಅವನು ಹಟ ಹಿಡಿದ. ಅವಳಿಗೂ ಅದೇ ಬೇಕಿತ್ತು.

ಮಾತ್ರೆ ನುಂಗಿದ ಮೇಲೂ ಅವನ ಬಡಿತ ಎಪ್ಪತ್ತರಿಂದ ಕೆಳಗಿಳಿಯಲಿಲ್ಲ. ಇನ್ನೂ ಅರ್ಧ ಗಂಟೆ ಕಾಯಬೇಕಿತ್ತು. ತನ್ನ ದನಿ ಕೇಳಿದರೆ ತಾನೇ ಇಳಿಯುತ್ತದೆಂದು ಅವಳು ಶುರುಮಾಡಿಬಿಟ್ಟಳು. ಮುಗಿಯುವ ಹೊತ್ತಿಗೋ, ಮುಗಿದ ಮೇಲೋ, ಅವನು ಸಣ್ಣಗೆ ಕೆಮ್ಮಿದ. ಚಿತ್ರಗಳು ಪರದೆಯ ಮೇಲೆ ಬಂದವು. ಬಲಗಡೆಯ ನಾಳ ನಡುವಿನಲ್ಲಿ ದಾರದಷ್ಟಾಗಿ, ಮುಂದೆ ಮತ್ತೆ ದಪ್ಪವಾಗಿತ್ತು. ಅವಳ ಎದೆ ಧಸಕ್ಕೆಂದಿತು. ಮರುಕ್ಷಣವೇ ಆ ಕೆಮ್ಮು ನೆನಪಾಗಿ, ಉಸಿರು ಅಲುಗಿದರೂ ನಾಳ ಹೀಗೇ ಕಾಣುತ್ತದಲ್ಲ ಎಂದು ಹೋದ ಜೀವ ಬಂದಂತಾಯಿತು. "ಉಸಿರು ಅಲುಗಿ ಬಲನಾಳದ ನಡುಭಾಗ ಮಸುಕು" ಎಂದು ಟಿಪ್ಪಣಿ ಬರೆದಳು. ಮಸುಕಾದರೆ ಮತ್ತೆ ಮಾಡುವುದು ನಿಯಮ. ಮಾಡಲಿಲ್ಲ. ಮಾಡಿದರೆ ಗೊತ್ತಾಗಿಬಿಡುತ್ತಿತ್ತಲ್ಲ.

ಡಾಕ್ಟರಿಗೆ ಅವಳ ಟಿಪ್ಪಣಿಯೆಂದರೆ ಕಣ್ಣುಮುಚ್ಚಿ ನಂಬಿಕೆ. ಗಂಭೀರ ತಡೆ ಕಂಡಿಲ್ಲ, ಒಂದು ಚೂರು ಮಾತ್ರ ಉಸಿರಿನಿಂದ ಅಸ್ಪಷ್ಟ ಎಂದು ವರದಿ ಕೊಟ್ಟರು. ಕಂಪನಿಯವರು ಮೊದಲ ಸಾಲು ಓದಿ ಸಹಿ ಹಾಕಿದರು. ಅಕ್ಕನ ಮುಂದೆ ಯಮನೂ ಬಾಲ ಮಡಚುತ್ತಾನೆ ಎಂದು ತಮ್ಮ ನಗುತ್ತ ಕೆಲಸಕ್ಕೆ ಹೋದ.

ಹತ್ತನೇ ದಿನ ಹೊಸದಾಗಿ ಸೇರಿದ ಇಬ್ಬರಿಗೆ ಅವಳು ಪಾಠ ಹೇಳುತ್ತಿದ್ದಳು. ನಾಳ ಮಸುಕಾಗಿದ್ದರೆ ಮೊದಲು ಎದೆಮೂಳೆ ನೋಡಿ, ಉಸಿರು ಅಲುಗಿದ್ದರೆ ಮೂಳೆಯೂ ಅದೇ ಜಾಗದಲ್ಲಿ ಮೆಟ್ಟಿಲಿನ ಹಾಗೆ ಮುರಿದು ಕಾಣುತ್ತದೆ ಎಂದು ಹೇಳುತ್ತಿದ್ದವಳು ಅಲ್ಲಿಗೇ ನಿಂತಳು. ಲೋಕಕ್ಕೆಲ್ಲ ಶಕುನ ಹೇಳೋ ಹಲ್ಲಿ ತಾನೇ ಹೋಗಿ ಬಾನಿಯಲ್ಲಿ ಬಿತ್ತಂತೆ. ಅವರನ್ನು ಚಹಾಕ್ಕೆ ಕಳಿಸಿ ತಮ್ಮನ ಸ್ಕ್ಯಾನ್ ತೆರೆದಳು. ಎದೆಮೂಳೆ ಗೆರೆ ಎಳೆದಷ್ಟು ನೇರವಾಗಿತ್ತು. ಅವನು ಅಲುಗಿರಲೇ ಇಲ್ಲ. ನೋಡಿದ್ದರೆ ಆ ದಿನವೇ ಗೊತ್ತಾಗುತ್ತಿತ್ತು. ಬೇಕೆಂದೇ ನೋಡಿರಲಿಲ್ಲ.

ಡಾಕ್ಟರ ಮುಂದೆ ಎಲ್ಲ ಒಪ್ಪಿಕೊಂಡಳು. ಅವರು ಬೈದಿದ್ದರೆ ವಾಸಿಯಿತ್ತು. ಚಿತ್ರವನ್ನು ಎರಡು ಸಲ ನೋಡಿ, ಇವತ್ತೇ ಕರೆದುಕೊಂಡು ಬನ್ನಿ, ಇನ್ನೊಮ್ಮೆ ಸ್ಕ್ಯಾನ್ ಮಾಡಿ ಮುಂದಿನದು ನೋಡೋಣ ಎಂದರಷ್ಟೆ. ಓಡಿಸುವಾಗ ತಮ್ಮ ಫೋನ್ ಎತ್ತುವವನಲ್ಲ. ಅವಳು ಆಸ್ಪತ್ರೆಯ ಕೋಟಿನಲ್ಲೇ ಬಸ್ ನಿಲ್ದಾಣಕ್ಕೆ ಓಡಿದಳು. ಬಂದ ಒಂದೊಂದು ಬಸ್ಸಿನ ಮುಂದಿನ ಗಾಜಿನಲ್ಲಿ ಅವನ ಮುಖ ಹುಡುಕುತ್ತ ಮುಕ್ಕಾಲು ಗಂಟೆ ನಿಂತಳು.

ಬಸ್ ಬಂದು ನಿಂತಿತು. ಶಾಲೆಯ ಮಕ್ಕಳು ದಡದಡ ಇಳಿದು ಹೋದ ಮೇಲೆ ಅವಳು ಡ್ರೈವರ್ ಬಾಗಿಲ ಹತ್ತಿರ ಹೋದಳು.

"ಇಂಜಿನ್ ಆಫ್ ಮಾಡಿ ಇಳಿ. ನಿನ್ನ ನಾಳ ಕಟ್ಟಿದೆ."

"ಏನೂ ಇಲ್ಲ ಅಂತ ಬರೆದಿತ್ತಲ್ಲಕ್ಕಾ."

"ಮಸುಕು ಅಂತ ನಾನು ಬರೆದೆ. ಮಸುಕಾಗಿರ್ಲಿಲ್ಲ."

ಅವನು ಇಳಿದ. ಕೋಪ ಮಾಡಿಕೊಳ್ಳುತ್ತಾನೆಂದು ಅವಳು ತಲೆತಗ್ಗಿಸಿ ನಿಂತಳು. ಅವನು ರಸ್ತೆ ದಾಟುತ್ತಿದ್ದ ಮಕ್ಕಳನ್ನೇ ನೋಡುತ್ತಿದ್ದ.

"ಹತ್ತು ದಿನ," ಎಂದ. "ದಿನಾ ಎರಡು ಸಲ ಇವರನ್ನೆಲ್ಲ ಕೂರಿಸ್ಕೊಂಡು ಓಡಿಸಿದೀನಿ."

ಕೀಲಿಯನ್ನು ಕಂಡಕ್ಟರ್ ಕೈಗೆ ಕೊಟ್ಟು ಅವಳ ಜೊತೆ ಹೊರಟ. ಆಟೋದಲ್ಲಿ ದಾರಿಯುದ್ದಕ್ಕೂ ಹೊರಗಡೆ ಮುಖ ಮಾಡಿ ಕುಳಿತಿದ್ದ. ಆಸ್ಪತ್ರೆಯ ಬಾಗಿಲಲ್ಲಿ ಇಳಿದಾಗ ಅವಳು ಅಭ್ಯಾಸಬಲದಿಂದ ಅವನ ತೋಳು ಹಿಡಿಯಲು ಹೋದಳು. ಅವನು ಮೆಲ್ಲಗೆ ಬಿಡಿಸಿಕೊಂಡ.

"ಸ್ಕ್ಯಾನ್ ಬೇರೆ ಯಾರಾದ್ರೂ ಮಾಡ್ಲಿ ಅಕ್ಕ," ಎಂದ. "ನೀನು ಹೊರಗಿರು."

ಅವಳು ಹೂಂ ಎಂದಳು.