‘ನಮ್ಮ ಹೆಂಡತಿ’ ಎಂಬ ಎರಡು ಪದ

ಉಜೋಮಾ ಟೀಚರು ಒಕ್ಕೂಟ ವ್ಯವಸ್ಥೆಯ ಪಾಠ ಮಾಡಿದರೆ ಹಿಂದಿನ ಬೆಂಚಿನವರೂ ತೂಕಡಿಸುತ್ತಿರಲಿಲ್ಲ. ಆ ಸರಕಾರಿ ಹೈಸ್ಕೂಲಿನಲ್ಲಿ ಇಪ್ಪತ್ತೊಂದು ವರ್ಷದಿಂದ ಅದೇ ಪಾಠ. ಸೇನೆ, ನೋಟು, ಗಡಿ ಇವು ಅಬುಜಾದ ಕೇಂದ್ರ ಸರಕಾರದ ಪಾಲು. ಇನ್ನು ಕೆಲವು ವಿಷಯ ರಾಜ್ಯದ ಪಾಲು. ಶಾಲೆಯಂಥವು ಇಬ್ಬರ ಕೈಯಲ್ಲೂ.

“ಇಬ್ರು ಅಡುಗೆಯವ್ರು, ಒಂದೇ ಪಾತ್ರೆ. ಉಪ್ಪು ಯಾರು ಹಾಕ್ಬೇಕು?” ಎಂದರು ಆ ಬುಧವಾರ.

“ಇಬ್ರೂ ಹಾಕ್ತಾರೆ ಟೀಚರ್. ತಿನ್ನೋ ಪಾಪಿಗಳು ನಾವು!” ಎಂದಳು ವಾಂಡೂ ಎಂಬ ವಾಚಾಳಿ ಹುಡುಗಿ.

ತರಗತಿ ಗೊಳ್ಳೆಂದು ನಕ್ಕಿತು. ಟೀಚರೂ ನಗುತ್ತಿದ್ದಾಗಲೇ ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು, ಅವರನ್ನು ಹೊರಗೆ ಕರೆದು ರಾಜ್ಯದ ಸುತ್ತೋಲೆಯನ್ನು ಕೈಗಿಟ್ಟರು. ಇನ್ನು ಮುಂದೆ ಈ ರಾಜ್ಯದ ಮೂಲದವರೇ ಇಲ್ಲಿ ಪಾಠ ಹೇಳಬೇಕು. ‘ಈ ನೆಲದ ಮಗ’ ಅಥವಾ ‘ಈ ನೆಲದ ಮಗಳು’ ಎಂದು ಊರ ಹಿರಿಯನಿಂದ ಬರೆಸಿಕೊಂಡ ಪತ್ರ ಶುಕ್ರವಾರದೊಳಗೆ ಬರಬೇಕು. ತಾರದವರಿಗೆ ಸೋಮವಾರದಿಂದ ಕೆಲಸವಿಲ್ಲ.

“ಮೂಲದ ಕಾರಣಕ್ಕೆ ಯಾರಿಗೂ ಭೇದ ಮಾಡ್ಬಾರ್ದು ಅಂತ ಸಂವಿಧಾನದಲ್ಲೇ ಇದೆಯಲ್ಲ ಸರ್? ಹೋದ ವಾರ ತಾನೆ ಓದಿಸ್ದೆ.”

“ಓದ್ಸಿ, ಓದ್ಸಿ. ಪರೀಕ್ಷೆಗೆ ಬರತ್ತೆ,” ಎಂದು ಹೆಡ್‌ಮಾಸ್ತರರು ಹೊರಟೇಬಿಟ್ಟರು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ ಇರಬೇಕು. ಉಜೋಮಾ ಇಗ್ಬೋ ಜನಾಂಗದ ಮನೆಯ ಹೆಣ್ಣು. ಇಲ್ಲಿಯ ಟಿವ್ ಜನಾಂಗದ ಗಂಡು ಟೆರ್ಕಿಂಬಿಯನ್ನು ಮೆಚ್ಚಿ ಮದುವೆಯಾಗಿ ಈ ರಾಜ್ಯಕ್ಕೆ ಬಂದವರು. ಮೂರು ಮಕ್ಕಳನ್ನು ಇಲ್ಲೇ ಹೆತ್ತರು, ಇಲ್ಲಿಯ ಭಾಷೆಯಲ್ಲೇ ಬೈದು ಬೆಳೆಸಿದರು. ಟೆರ್ಕಿಂಬಿಗೆ ಲಾರಿ ಅಪಘಾತದಲ್ಲಿ ಸೊಂಟ ಮುರಿದ ಮೇಲೆ ಮನೆಯ ಒಲೆ ಉರಿಯುತ್ತಿದ್ದುದು ಟೀಚರ ಕೆಲಸದಿಂದಲೇ. ಅಲ್ಲಾದರೂ ಮೂಲದವಳೆಂದು ಕೆಲಸ ಸಿಕ್ಕೀತೇ ಎಂದು ಟೀಚರು ಸಂಜೆ ತವರಿಗೆ ಫೋನು ಮಾಡಿದರು. ಮರುದಿನ ಬೆಳಿಗ್ಗೆ ಅಲ್ಲಿಯ ಕಚೇರಿಯಲ್ಲಿ ವಿಚಾರಿಸಿ ತಮ್ಮ ಹೇಳಿದ: “ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರಕ್ಕಾ. ಗಂಡನ ಊರಲ್ಲೇ ಕೇಳ್ಬೇಕಂತೆ.”

ಹೆಣ್ಣಿಗೆ ಎರಡು ಮನೆ ಎಂದು ಕೊಂಡಾಡುವವರು ಕಾಗದ ಕೇಳಿದಾಗ ಎರಡು ಕಡೆಯೂ ಅಗುಳಿ ಹಾಕಿಕೊಳ್ಳುತ್ತಾರೆ. ನನಗಂತೂ ಇದನ್ನು ನೆನೆದರೆ ಮೈ ಉರಿಯುತ್ತದೆ.

ಗುರುವಾರ ಮಧ್ಯಾಹ್ನ ಟೀಚರು ಗಂಡನ ಹಳ್ಳಿಗೆ ಹೋದರು. ಮದುವೆಯಾದ ದಿನದಿಂದ ಅಲ್ಲಿ ಅವರ ಹೆಸರೇ ‘ನಮ್ಮ ಹೆಂಡತಿ’. ಆರು ವರ್ಷದ ಹುಡುಗನೂ “ನಮ್ಮ ಹೆಂಡ್ತಿ ಬಂದ್ಲು!” ಎಂದು ಕೂಗುತ್ತಾನೆ, ತೊಂಬತ್ತರ ಮುದುಕಿಯೂ ಕೂಗುತ್ತಾಳೆ. ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಅದಕ್ಕಿಂತ ಹಿತವಾದ ಹೆಸರಿಲ್ಲವೆನಿಸಿತ್ತು. ಊರ ಹಿರಿಯ ಅಗಬಿ ಅಜ್ಜ ಟೆರ್ಕಿಂಬಿಯ ದೊಡ್ಡಪ್ಪನೇ.

“ನಮ್ಮ ಹೆಂಡ್ತಿನ ಓಡಿಸೋಕೆ ಯಾವನವನು?” ಎಂದು ಗುಡುಗಿದ ಅಜ್ಜ, ಕನ್ನಡಕ ತರಿಸಿ ತಾನೇ ಪತ್ರ ಬರೆದ, ಮುದ್ರೆ ಒತ್ತಿದ, ಲಕೋಟೆ ಅಂಟಿಸಿದ. ಟೀಚರು ಕಣ್ಣೊರೆಸಿಕೊಂಡು ಕಾಲುಮುಟ್ಟಿ ಬಂದರು.

ಶುಕ್ರವಾರ ಬೆಳಿಗ್ಗೆ ಶಿಕ್ಷಣ ಕಚೇರಿಯ ಗುಮಾಸ್ತೆ ಲಕೋಟೆ ಹರಿದು ಜೋರಾಗಿ ಓದಿದಳು: “ಈಕೆ ನಮ್ಮ ಹೆಂಡತಿ. ಇಡೀ ಊರಿನ ಹೆಂಡತಿ. ಈಕೆಯ ತಂಟೆಗೆ ಯಾರೂ ಬರಕೂಡದು.”

ಸಾಲಿನಲ್ಲಿ ನಿಂತವರು ಕಿಸಕ್ಕೆಂದರು.

“ಮೇಡಂ, ನಮ್ಮ ರಿಜಿಸ್ಟರಲ್ಲಿ ಮಗ, ಮಗಳು, ಎರಡೇ ಕಾಲಂ ಇರೋದು. ಹೆಂಡ್ತಿ ಅಂದ್ರೆ ಹೊರಗಿಂದ ತಂದೋಳು ಅಂತ್ಲೇ ಆಯ್ತಲ್ಲ? ನಿಮ್ಮ ಹಿರಿಯರೇ ಬರ್ದುಕೊಟ್ಟಿದ್ದಾರೆ ನೋಡಿ. ಒಂದು ಪದ ತಿದ್ದಿಸ್ಕೊಂಡು ಬನ್ನಿ. ನಾಲ್ಕು ಗಂಟೆವರೆಗೂ ಇರ್ತೀನಿ.”

ಒಂದು ಪದ ತಾನೆ ಎಂದುಕೊಂಡು ಟೀಚರು ಬಾಡಿಗೆ ಬೈಕು ಹತ್ತಿ ಮತ್ತೆ ಹಳ್ಳಿಗೆ ಓಡಿದರು. ಅಜ್ಜ ಮಾವಿನ ಮರದಡಿ ಕೂತಿದ್ದ. ವಿಷಯ ಕೇಳಿ ಅವನ ಮುಖ ಕಪ್ಪಿಟ್ಟಿತು.

“ಮಗಳು ಅಂತ ಬರೀಲಾ? ಹಾಗಾದ್ರೆ ನಮ್ಮ ಟೆರ್ಕಿಂಬಿ ಕಟ್ಕೊಂಡಿದ್ದು ಯಾರನ್ನ, ತಂಗೀನಾ?”

“ಬರೀ ಕಾಗದಕ್ಕೆ ಅಪ್ಪಾ. ಒಂದೇ ಪದ.”

“ಆ ಕಾಗದ ನಾಳೆ ನಿನ್ನ ಮಕ್ಕಳ ಕೈಗೇ ಸಿಗತ್ತೆ. ಅಣ್ಣ ತಂಗಿಗೆ ಹುಟ್ಟಿದ್ವಿ ಅಂತ ಓದ್ಕೋಬೇಕಾ ಅವು? ನನ್ನ ಕೈ ಬಿದ್ದು ಹೋದ್ರೂ ಅದನ್ನ ಬರೆಯಲ್ಲ, ತಾಯಿ.”

ಟೀಚರು ಬೇಡಿದರು, ಅತ್ತರು, ಸಂವಿಧಾನದ ಮಾತನ್ನೂ ಹೇಳಿದರು. ಅಜ್ಜ ಕೆಟ್ಟವನಲ್ಲ. ಅವನ ಕಣ್ಣಲ್ಲೂ ನೀರಿತ್ತು. ಅದೇ ಇನ್ನೂ ಸಂಕಟ; ಕೆಟ್ಟವನಾಗಿದ್ದರೆ ಶಾಪವನ್ನಾದರೂ ಹಾಕಬಹುದಿತ್ತು. ಮೂರೂವರೆ ಆಯಿತು. ಬೈಕಿನವನು ಎರಡು ಸಲ ಹಾರ್ನ್ ಬಾರಿಸಿ, ಬೇರೆ ಬಾಡಿಗೆ ಹಿಡಿದು ಹೋದ.

ಅಜ್ಜ ಎದ್ದು ಬಂದು ಅವರ ತಲೆಯ ಮೇಲೆ ಕೈಯಿಟ್ಟ. ಅಂಗಳದಾಚೆಯ ಗೋರಿಗಳ ಕಡೆ ತೋರಿಸಿದ.

“ಎದೆಗುಂದಬೇಡ. ಅಲ್ಲಿ ನನ್ನ ಹೆಂಡ್ತಿ ಪಕ್ಕದಲ್ಲೇ ನಿಂಗೆ ಜಾಗ ಇಟ್ಟಿದ್ದೀನಿ. ಅಲ್ಲಿಂದ ಯಾವ ಸರಕಾರವೂ ನಿನ್ನ ಎಬ್ಬಿಸಲ್ಲ.”

ಇಪ್ಪತ್ತೊಂದು ವರ್ಷದಲ್ಲಿ ಆ ಅಂಗಳದಲ್ಲಿ ಒಮ್ಮೆಯೂ ದನಿ ಏರಿಸದ ಉಜೋಮಾ ಟೀಚರು ಅವನ ಕೈಯನ್ನು ತಲೆಯಿಂದ ಸರಿಸಿದರು.

“ಸತ್ತ ಮೇಲೆ ಮಲಗೋಕೆ ಜಾಗ ನಾನು ಕೇಳಿದ್ನಾ? ಸೋಮವಾರ ಎಂಟು ಗಂಟೆಗೆ ನಿಂತ್ಕೊಳ್ಳೋಕೆ ಜಾಗ ಬೇಕು ನಂಗೆ!”

ಅಜ್ಜ ಮನೆಯತ್ತ ತಿರುಗಿ, ಒಳಗಿನವರಿಗೆ ಕೇಳುವಂತೆ ಕೂಗಿ ಹೇಳಿದ: “ಯಾರ್ರೇ ಅಲ್ಲಿ? ನಮ್ಮ ಹೆಂಡ್ತಿ ಬೆಳಿಗ್ಗೆಯಿಂದ ಉಪವಾಸ ಇದ್ದಾಳೆ, ಊಟಕ್ಕಿಡ್ರೇ!”